ಬೀದಿಗೆ ಬಂದ ವೇಗ ಮನೆಯೊಳಗೂ ಬರಲಿ

ಕಳೆದ ಮಳೆಗಾಲದ ಒಂದು ಸಂಜೆ. ಬೆಂಗಳೂರಿನ ಬಸವೇಶ್ವರನಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಮಗಳು ಕೆಲಸದ ಸಂದರ್ಶನಕ್ಕೆಂದು ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಐದೇ ನಿಮಿಷಕ್ಕೆ ಮಾತು ತುಂಡು ತುಂಡಾಯಿತು, ಎದುರಿನವರ ಮುಖ ಪರದೆಯ ಮೇಲೆ ಅಲ್ಲಾಡದೆ ನಿಂತಿತು. ಮೊಬೈಲ್‌ನ ಹಾಟ್‌ಸ್ಪಾಟ್ ಹಾಕಿಕೊಂಡು ಹೇಗೋ ಮುಗಿಸಿದಳು. ಕೆಳಗಿಳಿದು ಬಂದವಳು ಕೇಳಿದ್ದು ಒಂದೇ ಪ್ರಶ್ನೆ: “ಅಪ್ಪಾ, ಮೂರು ಸಲ ಪ್ಲಾನ್ ಜಾಸ್ತಿ ಮಾಡಿಸಿದ್ದೀವಿ. ತಿಂಗಳು ತಿಂಗಳು ದುಡ್ಡು ಕಟ್ತಾ ಇದ್ದೀವಿ. ಆ ನೆಟ್ ಎಲ್ಲ ಎಲ್ಲಿಗೆ ಹೋಗ್ತಿದೆ?”

ಮರುದಿನ ಲೈನ್ ನೋಡುವ ಹುಡುಗ ಬಂದ. ಗೋಡೆಯ ಮೇಲಿನ ಬಿಳಿ ಡಬ್ಬಿಯಿಂದ ನೇರವಾಗಿ ತನ್ನ ಲ್ಯಾಪ್‌ಟಾಪ್‌ಗೆ ವೈರ್ ಚುಚ್ಚಿ ವೇಗ ಅಳೆದ. ನಮ್ಮದು 200 ಎಂಬಿಪಿಎಸ್ ಪ್ಲಾನ್, 196 ಬಂತು. ಆಮೇಲೆ ನಮ್ಮ ರೂಟರ್ ಮೂಲಕ ವೈರ್ ಹಾಯಿಸಿ ಅಳೆದ, 94. ವೈರ್ ಕಿತ್ತು, ರೂಟರ್ ಪಕ್ಕದಲ್ಲೇ ನಿಂತು ವೈಫೈನಲ್ಲಿ ಅಳೆದ, 40. ಮಹಡಿ ಹತ್ತಿ ಮಗಳ ಕೋಣೆಯಲ್ಲಿ ಅಳೆದ, 6. “ಸಾರ್, ಲೈನ್‌ನಲ್ಲಿ ಏನೂ ತೊಂದರೆ ಇಲ್ಲ. ನಿಮ್ಮ ರೂಟರ್‌ಗೆ ವಯಸ್ಸಾಗಿದೆ” ಎಂದು ಹೇಳಿ ಹೊರಟ.

196, 94, 40, 6. ಮಗಳ ಪ್ರಶ್ನೆಗೆ ಉತ್ತರ ಈ ನಾಲ್ಕು ಸಂಖ್ಯೆಗಳಲ್ಲೇ ಇತ್ತು. ರಾಜಾಜಿನಗರ, ವಿಜಯನಗರ, ಕೆಂಗೇರಿಯ ಎಷ್ಟೋ ಮನೆಗಳಲ್ಲಿ ಇದೇ ಕಥೆ ನಡೆಯುತ್ತಿದೆ ಎಂದು ಆಮೇಲೆ ಸ್ನೇಹಿತರನ್ನೂ ನೆಂಟರನ್ನೂ ವಿಚಾರಿಸಿದಾಗ ತಿಳಿಯಿತು. ನೆಟ್ ನಿಧಾನವಾದರೆ ಕಂಪನಿಗೆ ಫೋನ್ ಮಾಡುತ್ತೇವೆ, ಜಗಳವಾಡುತ್ತೇವೆ, ಕೊನೆಗೆ ಇನ್ನೂ ದೊಡ್ಡ ಪ್ಲಾನ್‌ಗೆ ದುಡ್ಡು ಕಟ್ಟುತ್ತೇವೆ. ಟಿವಿ ಶೋಕೇಸಿನ ಹಿಂದೆ ಹತ್ತು ವರ್ಷದಿಂದ ಧೂಳು ಹಿಡಿದು ಕೂತಿರುವ ಡಬ್ಬಿಯ ಕಡೆ ಮಾತ್ರ ನಮ್ಮ ಕಣ್ಣು ಹೋಗುವುದಿಲ್ಲ.

ಹಳೆಯ ಮನೆಗಳಲ್ಲಿ ಇದ್ದವರಿಗೆ ಇದನ್ನು ನೀರಿನ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಬೀದಿಯ ಕಾವೇರಿ ಪೈಪಿನಲ್ಲಿ ನೀರು ಜೋರಾಗಿಯೇ ಬರುತ್ತಿರುತ್ತದೆ. ಮನೆಯೊಳಗಿನ ಜಿಐ ಪೈಪು ತುಕ್ಕು ಹಿಡಿದು ಕಿರಿದಾಗಿದ್ದರೆ ನಲ್ಲಿಯಲ್ಲಿ ಬರುವುದು ಬೆರಳು ಗಾತ್ರದ ಧಾರೆ. ಆಗ ಬದಲಿಸಬೇಕಾದದ್ದು ಬೀದಿಯ ಪೈಪನ್ನಲ್ಲ.

ಫೋನ್ ತಂತಿಯಿಂದ ಗಾಜಿನ ಎಳೆಗೆ

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆಗಿನ ಮೋಡೆಮ್ ಫೋನ್ ತಂತಿಯಲ್ಲಿ ಕಿರುಗುಟ್ಟುತ್ತಾ ಸಂಪರ್ಕ ಸಾಧಿಸುತ್ತಿತ್ತು. ಕಂಪ್ಯೂಟರಿನ ಅಂಕಿಗಳನ್ನು ಫೋನ್ ಲೈನಿಗೆ ಒಗ್ಗುವ ಸದ್ದಾಗಿ ಮಾರ್ಪಡಿಸುವುದು, ಆ ಕಡೆಯಿಂದ ಬಂದ ಸದ್ದನ್ನು ಮತ್ತೆ ಅಂಕಿಯಾಗಿ ಬಿಡಿಸುವುದು ಅದರ ಕೆಲಸ. ಅದರ ಅತಿ ಹೆಚ್ಚಿನ ವೇಗ 56 ಕೆಬಿಪಿಎಸ್. ನೆಟ್ ಹಾಕಿದಾಗ ಮನೆಯ ಫೋನ್ ಎಂಗೇಜ್ ಆಗಿರುತ್ತಿತ್ತು.

2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ಅನ್ನು ಬ್ರಾಡ್‌ಬ್ಯಾಂಡ್‌ನ ಕನಿಷ್ಠ ವೇಗವೆಂದು ಗೊತ್ತುಮಾಡಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ‘ಡೇಟಾಒನ್’ ಹೆಸರಿನಲ್ಲಿ ಸೇವೆ ಆರಂಭಿಸಿದಾಗ ಲ್ಯಾಂಡ್‌ಲೈನ್ ಇದ್ದ ಮನೆಗಳಿಗೆ ಎಡಿಎಸ್‌ಎಲ್ ಮೋಡೆಮ್ ಬಂತು. ಫೋನ್ ತಂತಿಗೆ ಒಂದು ಪುಟ್ಟ ಸ್ಪ್ಲಿಟರ್, ಒಂದು ಕಡೆ ಫೋನ್, ಇನ್ನೊಂದು ಕಡೆ ನೆಟ್. ಅದೇ ತಾಮ್ರದ ತಂತಿ, ಆದರೆ ಮಾತು ಹರಿಯದ ಮೇಲಿನ ಆವರ್ತನಗಳಲ್ಲಿ ಡೇಟಾ ಹರಿಯುತ್ತಿತ್ತು. ಈ ತಂತ್ರಜ್ಞಾನದ ಸುಧಾರಿತ ರೂಪದಲ್ಲೂ ಗರಿಷ್ಠ ವೇಗ 24 ಎಂಬಿಪಿಎಸ್. ಅದೂ ಎಕ್ಸ್‌ಚೇಂಜಿನ ಹತ್ತಿರದ ಮನೆಗಳಿಗೆ. ತಂತಿ ಉದ್ದವಾದಷ್ಟೂ ವೇಗ ಸೊರಗುತ್ತಿತ್ತು.

ಮುಂದೆ ಕೇಬಲ್ ಟಿವಿಯವರೂ ಖಾಸಗಿ ಕಂಪನಿಗಳೂ ಬಂದರು. ಮಹಡಿಯಿಂದ ಮಹಡಿಗೆ, ಮರದಿಂದ ಕಂಬಕ್ಕೆ ಲ್ಯಾನ್ ಕೇಬಲ್ ಜೋತುಬಿದ್ದವು. ಈಗ ಬಹುತೇಕ ಬೀದಿಗಳಲ್ಲಿ ಆಪ್ಟಿಕಲ್ ಫೈಬರ್ ಇದೆ. ಕೂದಲೆಳೆಯಷ್ಟು ತೆಳುವಾದ ಗಾಜಿನಲ್ಲಿ ಬೆಳಕಾಗಿ ಡೇಟಾ ಬರುತ್ತದೆ. ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಒಂದು ಫೈಬರ್ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಹೊತ್ತು ತಂದು, ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಸರ್ಕಾರ 2013ರಲ್ಲಿ ಬ್ರಾಡ್‌ಬ್ಯಾಂಡ್‌ನ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ಗೆ, 2023ರ ಜನವರಿಯಲ್ಲಿ 2 ಎಂಬಿಪಿಎಸ್‌ಗೆ ಏರಿಸಿತು. ನಿಜವಾಗಿ ನಮ್ಮ ಬೀದಿಗಳಿಗೆ ಬಂದಿರುವ ವೇಗ ಅದರ ನೂರು ಪಟ್ಟು. ಹೊರಗೆ ಇಷ್ಟೆಲ್ಲ ಬದಲಾಗಿದ್ದರೂ ಒಳಗಿನ ರೂಟರ್ ಮಾತ್ರ ಅನೇಕ ಮನೆಗಳಲ್ಲಿ ಎಡಿಎಸ್‌ಎಲ್ ಕಾಲದ್ದೇ, ಅಥವಾ ಅದರ ತಮ್ಮನೇ.

ಯಾವ ಡಬ್ಬಿ ಯಾವುದು?

ಮನೆಯವರೆಲ್ಲ ಮೋಡೆಮ್ ಎಂದು ಕರೆಯುವುದು ಎರಡು ಬೇರೆ ಬೇರೆ ಸಾಧನಗಳನ್ನು. ಹೊರಗಿನಿಂದ ಬರುವ ತಂತಿಯ ಭಾಷೆಯನ್ನು ಮನೆಯ ಸಾಧನಗಳಿಗೆ ತಿಳಿಯುವ ಭಾಷೆಗೆ ತಿರುಗಿಸುವುದು ಮೋಡೆಮ್. ಫೈಬರ್ ಇರುವಲ್ಲಿ ಈ ಕೆಲಸ ಮಾಡುವ ಡಬ್ಬಿಯ ಹೆಸರು ಓಎನ್‌ಟಿ ಅಥವಾ ಓಎನ್‌ಯು. ಅದರ ಮೇಲೆ ‘ಪಾನ್’ ಎಂಬ ಹಸಿರು ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಬೆಳಕು ಸರಿಯಾಗಿ ಬರುತ್ತಿದೆ ಎಂದರ್ಥ. ‘ಲಾಸ್’ ಎಂಬ ಕೆಂಪು ದೀಪ ಮಿಣುಕುತ್ತಿದ್ದರೆ ಎಲ್ಲೋ ಫೈಬರ್ ತುಂಡಾಗಿದೆ ಅಥವಾ ಬಾಗಿದೆ. ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಅದು ಸರಿಹೋಗದು, ಕಂಪನಿಯವರೇ ಬರಬೇಕು.

ಬಂದ ಒಂದು ಸಂಪರ್ಕವನ್ನು ಮನೆಯ ಹತ್ತಾರು ಫೋನು, ಟಿವಿ, ಲ್ಯಾಪ್‌ಟಾಪುಗಳಿಗೆ ಹಂಚುವುದು ರೂಟರ್. ವೈಫೈ ಬಿತ್ತರಿಸುವುದೂ ಅದೇ. ಕೆಲವು ಕಂಪನಿಗಳು ಎರಡನ್ನೂ ಒಂದೇ ಡಬ್ಬಿಯಲ್ಲಿ ಕೊಡುತ್ತವೆ, ಕೆಲವು ಬೇರೆ ಬೇರೆ. ಫೈಬರ್ ಡಬ್ಬಿ ಸಾಮಾನ್ಯವಾಗಿ ಕಂಪನಿಯ ಸ್ವತ್ತು. ಅದನ್ನು ನಾವೇ ಅಂಗಡಿಯಿಂದ ತಂದು ಬದಲಿಸಿದರೆ, ಕಂಪನಿಯವರು ನೋಂದಾಯಿಸದ ಹೊರತು ಅವರ ಜಾಲ ಅದನ್ನು ಗುರುತಿಸುವುದಿಲ್ಲ. ರೂಟರ್ ಮಾತ್ರ ನಮ್ಮ ಕೈಯಲ್ಲಿರುವ ವಿಷಯ.

ವೇಗ ಸೋರಿದ ಮೂರು ಜಾಗ

ಮೊದಲ ಸೋರಿಕೆ 196ರಿಂದ 94ಕ್ಕೆ. ನಮ್ಮ ಹಳೆಯ ರೂಟರಿನ ಪೋರ್ಟ್‌ಗಳು 100 ಎಂಬಿಪಿಎಸ್‌ನವು. ಅಂಥ ಪೋರ್ಟಿನಲ್ಲಿ ವಾಸ್ತವವಾಗಿ ಹಾಯುವುದು ಸುಮಾರು 94. 500ರ ಪ್ಲಾನ್ ಇದ್ದರೂ ಆ ಪೋರ್ಟಿನಿಂದ ಮುಂದಕ್ಕೆ ಹೋಗುವುದು ಅಷ್ಟೇ. ಹೊಸ ರೂಟರ್‌ಗಳಲ್ಲಿ ಗಿಗಾಬಿಟ್ ಪೋರ್ಟ್ ಇರುತ್ತದೆ, ಅಂದರೆ ಹತ್ತು ಪಟ್ಟು ಅಗಲ. ರೂಟರ್ ಬದಲಿಸಿದ ಮೇಲೂ 94ರಲ್ಲೇ ನಿಂತರೆ ಲ್ಯಾನ್ ವೈರನ್ನು ನೋಡಿ. ಆ ವೈರಿನೊಳಗೆ ಎಂಟು ಸಣ್ಣ ತಂತಿಗಳಿರುತ್ತವೆ. 100ರ ವೇಗಕ್ಕೆ ನಾಲ್ಕು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ತಂತಿ ಕ್ಲಿಪ್ಪಿನಲ್ಲಿ ಸಡಿಲವಾಗಿದ್ದರೂ ಎರಡು ಕಡೆಯ ಸಾಧನಗಳು ತಾವಾಗಿಯೇ 100ಕ್ಕೆ ಇಳಿದುಬಿಡುತ್ತವೆ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಬರೆದ ವೈರು ಹಾಕಿಸಿದರೆ ಈ ಚಿಂತೆ ತಪ್ಪುತ್ತದೆ.

ಎರಡನೆಯ ಸೋರಿಕೆ 94ರಿಂದ 40ಕ್ಕೆ, ಅದೂ ರೂಟರ್ ಪಕ್ಕದಲ್ಲೇ. ನಮ್ಮದು 2.4 ಗಿಗಾಹರ್ಟ್ಸ್ ಎಂಬ ಒಂದೇ ಪಟ್ಟಿಯಲ್ಲಿ ಬಿತ್ತರಿಸುವ ಹಳೆಯ ಮಾದರಿ. ಆ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6, 11. ವಿಜಯನಗರದ ಇಪ್ಪತ್ತು ಮೂವತ್ತರ ಸೈಟುಗಳಲ್ಲಿ ಗೋಡೆಗೆ ಗೋಡೆ ತಾಗಿ ಮೂರು ಮೂರು ಅಂತಸ್ತಿನ ಮನೆಗಳು. ಕೆಳಗೆ ಮಾಲೀಕರು, ಮೇಲೆ ಎರಡು ಬಾಡಿಗೆ ಸಂಸಾರ, ಪ್ರತಿ ಮನೆಗೂ ಒಂದು ವೈಫೈ. ಫೋನ್ ತೆಗೆದು ನೋಡಿದರೆ ಇಪ್ಪತ್ತು ಹೆಸರುಗಳು ಕಾಣುತ್ತವೆ. ಅಷ್ಟು ಮನೆಗಳವರು ಮೂರು ಓಣಿಗಳಲ್ಲಿ ಓಡಾಡಬೇಕು. ಒಬ್ಬರು ಮಾತನಾಡುವಾಗ ಅದೇ ಚಾನೆಲ್ಲಿನ ಇನ್ನೊಬ್ಬರು ಕಾಯಬೇಕು. ಮೈಕ್ರೋವೇವ್ ಒಲೆ, ಬ್ಲೂಟೂತ್ ಸಾಧನಗಳೂ ಇದೇ ಪಟ್ಟಿಯಲ್ಲಿ ಗಲಾಟೆ ಮಾಡುತ್ತವೆ. 5 ಗಿಗಾಹರ್ಟ್ಸ್ ಪಟ್ಟಿ ಹೆಚ್ಚು ಅಗಲ; ಅದರಲ್ಲಿ ಚಾನೆಲ್ಲುಗಳೂ ಹೆಚ್ಚು. ಅದು ಗೋಡೆ ದಾಟಿ ಬಹಳ ದೂರ ಹೋಗುವುದಿಲ್ಲ. ಇಂಥ ಒತ್ತೊತ್ತು ಬಡಾವಣೆಯಲ್ಲಿ ಅದೇ ಅನುಕೂಲ: ಪಕ್ಕದ ಮನೆಯವರ ಅಲೆ ನಮ್ಮಲ್ಲಿಗೆ ಅಷ್ಟಾಗಿ ಬರುವುದಿಲ್ಲ.

ಮೂರನೆಯದು 40ರಿಂದ 6ಕ್ಕೆ. ಇದು ನಮ್ಮ ಮನೆ ಕಟ್ಟಿದ ರೀತಿಯ ಫಲ. ರಾಜಾಜಿನಗರದ ಹಳೆಯ ಮನೆಗಳಲ್ಲಿ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ. ಮಹಡಿಗೆ ಕಬ್ಬಿಣದ ಸರಳು ಹೆಣೆದ ಕಾಂಕ್ರೀಟ್ ಮೋಲ್ಡ್. ಲೋಹ ರೇಡಿಯೊ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಹೀರುತ್ತದೆ. ರೂಟರನ್ನು ಗೋದ್ರೇಜ್ ಬೀರುವಿನ ಪಕ್ಕ, ಫ್ರಿಜ್ಜಿನ ಮೇಲೆ, ಟಿವಿಯ ಬೆನ್ನಿಗೆ ಇಟ್ಟರೆ ಅರ್ಧ ಬಲ ಅಲ್ಲೇ ಹೋಗುತ್ತದೆ. ನಾವು ಮಾಡಿದ್ದೂ ಅದೇ. ಕಂಬದಿಂದ ವೈರು ಬರುವುದು ಬೀದಿ ಕಡೆಯ ಕಿಟಕಿಗೆ. ಅಲ್ಲೇ ಹತ್ತಿರದಲ್ಲಿ ಡಬ್ಬಿ ಇಟ್ಟು ಹೋಗುತ್ತಾರೆ. ನಮ್ಮ ವೈಫೈಯಲ್ಲಿ ಅರ್ಧ ಬೀದಿಗೆ, ಉಳಿದರ್ಧ ಮನೆಗೆ.

ಕೊಳ್ಳುವಾಗ ಏನು ನೋಡಬೇಕು

ಆಂಟೆನಾ ಎಷ್ಟು ಎಂದು ಎಣಿಸಬೇಡಿ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ 1500, 3000 ಎಂಬ ಸಂಖ್ಯೆಗಳು ಎರಡೂ ಪಟ್ಟಿಗಳ ಸೈದ್ಧಾಂತಿಕ ವೇಗವನ್ನು ಕೂಡಿಸಿದ ಮೊತ್ತ. ಯಾವುದೇ ಒಂದು ಫೋನಿಗೆ ಅಷ್ಟು ಸಿಗುವುದಿಲ್ಲ. ನೋಡಬೇಕಾದದ್ದು ನಾಲ್ಕು: ಎರಡೂ ಪಟ್ಟಿ ಇರಬೇಕು, ಎಲ್ಲ ಪೋರ್ಟ್‌ಗಳೂ ಗಿಗಾಬಿಟ್ ಆಗಿರಬೇಕು, ವೈಫೈ 6 ಅಥವಾ ಅದಕ್ಕಿಂತ ಹೊಸದಾಗಿರಬೇಕು, ಡಬ್ಲ್ಯುಪಿಎ3 ಭದ್ರತೆ ಇರಬೇಕು. ವೈಫೈ 4ರ ಮಾನದಂಡ 2009ರದು, ವೈಫೈ 5ರದು 2013ರದು, ವೈಫೈ 6ರದು 2021ರದು. ವೈಫೈ 6 ಹೆಚ್ಚಿಸಿದ್ದು ಬರೀ ವೇಗವನ್ನಲ್ಲ. ಒಂದೇ ಸಲಕ್ಕೆ ಹಲವು ಸಾಧನಗಳಿಗೆ ಪಾಲು ಮಾಡಿ ಬಡಿಸುವ ಗುಣ ಅದಕ್ಕಿದೆ. ಅಜ್ಜಿ ಟಿವಿಯಲ್ಲಿ ಪ್ರವಚನ ನೋಡುತ್ತಾ, ಅಪ್ಪ ಮೀಟಿಂಗ್‌ನಲ್ಲಿದ್ದು, ಮಕ್ಕಳು ಪಾಠ ಕೇಳುವ ಮನೆಗೆ ಬೇಕಾದದ್ದು ಅದು. ವೈಫೈ 7 ಕೂಡ ಮಾರುಕಟ್ಟೆಯಲ್ಲಿದೆ. ಆದರೆ ಮನೆಯ ಫೋನುಗಳು ಅದನ್ನು ಬಳಸುವಷ್ಟು ಹೊಸದಾಗಿರದಿದ್ದರೆ ಆ ಹೆಚ್ಚಿನ ಬೆಲೆ ಈಗ ಕೊಡಬೇಕಾಗಿಲ್ಲ.

ಮೂರಂತಸ್ತಿನ ಮನೆಗೆ ಒಂದೇ ರೂಟರ್ ಸಾಲದು, ಎಷ್ಟೇ ದುಬಾರಿಯದಾದರೂ. ಅಗ್ಗದ ರಿಪೀಟರ್ ತಂದು ಮೆಟ್ಟಿಲ ಬಳಿ ಚುಚ್ಚುವವರಿದ್ದಾರೆ. ಅಂಥ ಬಹುಪಾಲು ರಿಪೀಟರ್‌ಗಳು ಒಂದೇ ಅಲೆಯಲ್ಲಿ ಕೇಳಿಸಿಕೊಳ್ಳುವುದನ್ನೂ ಹೇಳುವುದನ್ನೂ ಮಾಡುವುದರಿಂದ ವೇಗ ಅರ್ಧಕ್ಕಿಳಿಯುತ್ತದೆ. ಮೇಲಿನ ಮಹಡಿಗೆ ಒಂದು ಲ್ಯಾನ್ ವೈರ್ ಎಳೆಸಿ, ಅಲ್ಲೊಂದು ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಬಿತ್ತರಿಸುವ ಡಬ್ಬಿ, ಇಡುವುದು ಎಲ್ಲಕ್ಕಿಂತ ಗಟ್ಟಿ ಉಪಾಯ. ವೈರ್ ಎಳೆಯಲು ಸಾಧ್ಯವೇ ಇಲ್ಲದಿದ್ದರೆ ಎರಡು ಮೂರು ಘಟಕಗಳ ಮೆಶ್ ವ್ಯವಸ್ಥೆ ಆಗಬಹುದು. ಹೊಸ ಮನೆ ಕಟ್ಟುತ್ತಿರುವವರಿಗೆ ಒಂದು ಮಾತು: ವಿದ್ಯುತ್ ವೈರಿಂಗ್ ಮಾಡಿಸುವಾಗಲೇ ಪ್ರತಿ ಮಹಡಿಗೂ ಒಂದು ಬೇರೆ ಪೈಪು ಹಾಕಿಸಿ, ಅದರಲ್ಲಿ ಲ್ಯಾನ್ ವೈರ್ ಹಾಯಿಸಿಡಿ. ಪ್ಲಾಸ್ಟರ್ ಆದ ಮೇಲೆ ಗೋಡೆ ಕೊರೆಯುವ ಖರ್ಚಿನ ಮುಂದೆ ಇದು ಏನೇನೂ ಅಲ್ಲ.

ರೂಟರ್ ಕೊಳ್ಳಲು ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಹೋಗುವ ಮುಂಚೆ ಕಂಪನಿಗೆ ಒಂದು ಫೋನ್ ಮಾಡಿ. ಲಾಗಿನ್‌ಗೆ ಯೂಸರ್‌ನೇಮ್, ಪಾಸ್‌ವರ್ಡ್ ಬೇಕೇ? ವಿಲ್ಯಾನ್ ಸಂಖ್ಯೆ ಇದೆಯೇ? ಹಳೆಯ ರೂಟರಿನ ಮ್ಯಾಕ್ ವಿಳಾಸವನ್ನು ಅವರ ಕಡೆ ನೋಂದಾಯಿಸಿದ್ದಾರೆಯೇ? ಇವನ್ನು ಬರೆದಿಟ್ಟುಕೊಳ್ಳಿ. ಹೊಸ ರೂಟರ್ ತಂದು ಚುಚ್ಚಿ ನೆಟ್ ಬರಲಿಲ್ಲವೆಂದು ಅಂಗಡಿಗೆ ವಾಪಸು ಓಡುವವರಲ್ಲಿ ಬಹಳ ಮಂದಿಗೆ ಕೊರತೆಯಾದದ್ದು ಈ ಮೂರು ಮಾಹಿತಿ. ಕಂಪನಿಯ ಡಬ್ಬಿಯೇ ರೂಟರ್ ಕೂಡ ಆಗಿದ್ದರೆ ಅದನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಕೊಡಲು ಕೇಳಿ. ಆಗ ಹಂಚುವ ಕೆಲಸ ಪೂರ್ತಿ ಹೊಸ ರೂಟರಿಗೆ ಬರುತ್ತದೆ.

2017ರ ಜುಲೈ ಕಲಿಸಿದ ಪಾಠ

ವೇಗದ ಆಸೆ ಇಲ್ಲದವರೂ ಹಳೆಯ ಡಬ್ಬಿಯನ್ನು ಬದಲಿಸಬೇಕು. ಅದಕ್ಕೆ ಕಾರಣ ನಮ್ಮ ರಾಜ್ಯದಲ್ಲೇ ನಡೆದ ಒಂದು ಘಟನೆ. 2017ರ ಜುಲೈನಲ್ಲಿ ಕರ್ನಾಟಕದ ಬಿಎಸ್‌ಎನ್‌ಎಲ್ ಗ್ರಾಹಕರ ಸಾವಿರಾರು ಮೋಡೆಮ್‌ಗಳು ಮಾಲ್‌ವೇರ್ ದಾಳಿಗೆ ಸಿಕ್ಕಿ ಕೆಲಸ ನಿಲ್ಲಿಸಿದವು. ದಾಳಿಗೆ ತುತ್ತಾದದ್ದು ಕಾರ್ಖಾನೆಯಿಂದ ಬಂದಾಗಿನ ‘ಅಡ್ಮಿನ್’ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆ ಸೂಚನೆ ಕೊಡಬೇಕಾಯಿತು. ಅದರ ಹಿಂದಿನ ವರ್ಷವೇ ‘ಮಿರಾಯ್’ ಎಂಬ ಮಾಲ್‌ವೇರ್ ಇದೇ ದಾರಿಯಲ್ಲಿ ಲೋಕದಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಮಾಡಿಕೊಂಡಿತ್ತು. 2016ರ ಅಕ್ಟೋಬರ್ 21ರಂದು ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ಸ್ತಬ್ಧಗೊಳಿಸಿತ್ತು.

ಮನೆಗೆ ಬಲವಾದ ಬಾಗಿಲು, ಅದಕ್ಕೊಂದು ಡೋರ್ ಚೈನು, ಕಿಟಕಿಗೆ ಗ್ರಿಲ್ಲು ಹಾಕಿಸುವ ನಾವು ಈ ಬಾಗಿಲನ್ನು ತೆರೆದೇ ಇಟ್ಟಿದ್ದೇವೆ. ಹ್ಯಾಕರ್ ಒಬ್ಬ ರೂಟರಿನ ಒಳಗೆ ಹೊಕ್ಕರೆ ನಾವು ಬ್ಯಾಂಕಿನ ಹೆಸರು ಟೈಪ್ ಮಾಡಿದಾಗ ನಕಲಿ ತಾಣಕ್ಕೆ ಕರೆದೊಯ್ಯುವಂತೆ ಅದನ್ನು ತಿರುಚಬಲ್ಲ. ತಯಾರಕರು ಕೆಲವು ವರ್ಷಗಳ ಬಳಿಕ ಹಳೆಯ ಮಾದರಿಗಳಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸುತ್ತಾರೆ. ಆಮೇಲೆ ಕಂಡುಬಂದ ಯಾವ ತೂತನ್ನೂ ಮುಚ್ಚುವವರಿಲ್ಲ. ಡಬ್ಬಿ ಚೆನ್ನಾಗಿಯೇ ಓಡುತ್ತಿದ್ದರೂ ಅದರ ಆಯಸ್ಸು ಮುಗಿದಂತೆ.

ಹೊಸ ರೂಟರ್ ಹಾಕಿದ ದಿನವೇ ನಾಲ್ಕು ಕೆಲಸ ಮಾಡಿ ಮುಗಿಸಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ವೈಫೈಗೆ ಫೋನ್ ನಂಬರನ್ನೂ ಹುಟ್ಟಿದ ತಾರೀಖನ್ನೂ ಬಿಟ್ಟು ಬೇರೆ ಉದ್ದನೆಯ ಪಾಸ್‌ವರ್ಡ್ ಕೊಡಿ. ಡಬ್ಲ್ಯುಪಿಎಸ್ ಎಂಬ ಸೌಲಭ್ಯವನ್ನು ಆಫ್ ಮಾಡಿ. ಅಪ್‌ಡೇಟ್ ತಾನಾಗಿಯೇ ಆಗುವಂತೆ ಹೊಂದಿಸಿ. ಇವಲ್ಲದೆ, ಬಂದು ಹೋಗುವವರಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ ಇರಲಿ.

ಕರೆಂಟ್, ಸಿಡಿಲು, ಹಳೆಯ ಡಬ್ಬಿ

ಬೆಸ್ಕಾಂ ಕರೆಂಟ್ ಹೋದಾಗ ಇನ್ವರ್ಟರ್ ಇದ್ದ ಮನೆಯಲ್ಲೂ ಕ್ಷಣಮಾತ್ರದ ಅಂತರಕ್ಕೆ ರೂಟರ್ ಆಫ್ ಆಗಿ, ಮತ್ತೆ ಎದ್ದು ನಿಲ್ಲಲು ಎರಡು ಮೂರು ನಿಮಿಷ ಬೇಕಾಗಬಹುದು. ಲಿಥಿಯಂ ಬ್ಯಾಟರಿಯ ಮಿನಿ ಯುಪಿಎಸ್ ಇದಕ್ಕೆ ಪರಿಹಾರ. ಕೊಳ್ಳುವ ಮುನ್ನ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿ. ಬಹುತೇಕ 12 ವೋಲ್ಟ್ ಇರುತ್ತದೆ. ರೂಟರ್ ಒಂದಕ್ಕೇ ಅಲ್ಲ, ಫೈಬರ್ ಡಬ್ಬಿಗೂ ಕರೆಂಟ್ ಬೇಕೆಂಬುದು ನೆನಪಿರಲಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಫೋನ್ ತಂತಿಯ ಮೂಲಕ ಬಂದ ಆಘಾತಕ್ಕೆ ಸುಟ್ಟ ಮೋಡೆಮ್‌ಗಳನ್ನು ನಮ್ಮ ಬಡಾವಣೆಗಳವರು ಕಂಡಿದ್ದಾರೆ. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ. ಫೈಬರ್ ಎಳೆಯಲ್ಲಿ ಆ ಅಪಾಯವಿಲ್ಲ. ಮಹಡಿಯಿಂದ ಇನ್ನೂ ತಾಮ್ರದ ಲ್ಯಾನ್ ವೈರೇ ಇಳಿದುಬರುತ್ತಿದ್ದರೆ ಫೈಬರ್‌ಗೆ ಬದಲಿಸಿಕೊಡಲು ಕಂಪನಿಯನ್ನು ಕೇಳುವುದು ಒಳ್ಳೆಯದು.

ಹಳೆಯ ರೂಟರನ್ನು ಹಸಿಕಸದ ಬುಟ್ಟಿಗೂ ಗುಜರಿಯವರ ಚೀಲಕ್ಕೂ ಹಾಕಬೇಡಿ. ಹಿಂಬದಿಯ ರೀಸೆಟ್ ಗುಂಡಿಯನ್ನು ಹತ್ತು ಸೆಕೆಂಡಿಗೂ ಹೆಚ್ಚು ಒತ್ತಿ ಹಿಡಿದು ಪಾಸ್‌ವರ್ಡುಗಳನ್ನೆಲ್ಲ ಅಳಿಸಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಇಂಥ ಸಾಧನಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ 2005ರಿಂದಲೇ ಇ-ಪರಿಸರ ಎಂಬ ಇ-ತ್ಯಾಜ್ಯ ಸಂಸ್ಕರಣಾ ಘಟಕವಿದೆ. ಅಪಾರ್ಟ್‌ಮೆಂಟಿನವರು, ಬಡಾವಣೆಯ ನಿವಾಸಿಗಳ ಸಂಘದವರು ಎಲ್ಲರ ಮನೆಯ ಹಳೆಯ ಸಾಮಾನನ್ನು ಒಟ್ಟುಮಾಡಿ ಅಧಿಕೃತ ಸಂಸ್ಥೆಗಳಿಗೆ ಕೊಟ್ಟರೆ ಒಬ್ಬೊಬ್ಬರೇ ಅಲೆಯುವುದು ತಪ್ಪುತ್ತದೆ.

ನಾವು ಮಾಡಿದ್ದಿಷ್ಟು. ವೈಫೈ 6 ರೂಟರ್ ತಂದೆವು. ಬೀದಿ ಕಿಟಕಿಯಿಂದ ಹಾಲ್‌ನ ನಡುವಿಗೆ ವೈರ್ ಎಳೆಸಿ, ಆಳೆತ್ತರದ ಶೆಲ್ಫಿನ ಮೇಲೆ ಅದನ್ನಿಟ್ಟೆವು. ಮಹಡಿಗೆ ಇನ್ನೊಂದು ವೈರ್, ಅಲ್ಲೊಂದು ಆಕ್ಸೆಸ್ ಪಾಯಿಂಟ್. ಪ್ಲಾನ್ ಬದಲಿಸಲಿಲ್ಲ, ಅದೇ 200. ಮಗಳ ಕೋಣೆಯಲ್ಲಿ 6 ಇದ್ದ ವೇಗ ಈಗ 180 ದಾಟುತ್ತದೆ. ದೂರದೂರಿನ ಮೊಮ್ಮಗನ ಜೊತೆ ವಿಡಿಯೊದಲ್ಲಿ ಮಾತನಾಡುವಾಗ ನಮ್ಮಮ್ಮ “ಕೇಳಿಸ್ತಾ ಇದೆಯೇನೋ?” ಎಂದು ಕೂಗುವುದು ನಿಂತಿದೆ.

ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಡಬ್ಬಿಯನ್ನು ತಿರುಗಿಸಿ ಮಾದರಿಯ ಹೆಸರನ್ನೂ ವರ್ಷವನ್ನೂ ಓದಿ. ಫೈಬರ್ ಡಬ್ಬಿಯ ಬಳಿ, ರೂಟರಿನ ಪೋರ್ಟಿನಲ್ಲಿ, ರೂಟರಿನ ಪಕ್ಕದಲ್ಲಿ, ಮನೆಯ ಕಟ್ಟಕಡೆಯ ಕೋಣೆಯಲ್ಲಿ, ಹೀಗೆ ನಾಲ್ಕು ಕಡೆ ವೇಗ ಅಳೆದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮೊದಲ ಸಂಖ್ಯೆಯೇ ಕಡಿಮೆಯಿದ್ದರೆ ಕಂಪನಿಯನ್ನು ಕೇಳಿ, ಅದು ನಿಮ್ಮ ಹಕ್ಕು. ಮೊದಲನೆಯದು ಸರಿಯಿದ್ದು ಉಳಿದವು ಕುಸಿದಿದ್ದರೆ, ದೊಡ್ಡ ಪ್ಲಾನ್‌ಗೆ ದುಡ್ಡು ಕಟ್ಟುವ ಮುನ್ನ ಮನೆಯೊಳಗಿನದನ್ನು ಸರಿಮಾಡಿಕೊಳ್ಳಿ.